ಸತ್ತ ಚುಕ್ಕಿಗಳ ಸುದ್ದಿ

ಪಾಲಹಳ್ಳಿಯ ಮನೆಯ ಜಗಲಿಯಲ್ಲಿ ಕೂತು ಸುನಿತಾ ಲ್ಯಾಪ್‌ಟಾಪನ್ನೇ ದಿಟ್ಟಿಸುತ್ತಿದ್ದಳು. ಉಪಗ್ರಹವೊಂದು ಕಳಿಸಿದ ಗಾಮಾ ಕಿರಣಗಳ ಲೆಕ್ಕ ಅದು. ತನ್ನ ಪಾಡಿಗೆ ಸಾಗುತ್ತಿದ್ದ ಗೆರೆ ಒಂದೇ ಒಂದು ಕಡೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಚಂಗನೆ ನೆಗೆದಿತ್ತು. ಎಲ್ಲೋ ದೂರದಲ್ಲಿ ಎರಡು ಮುದಿ ನಕ್ಷತ್ರಗಳು ಡಿಕ್ಕಿ ಹೊಡೆದು ಸತ್ತಾಗ ಹೊಮ್ಮಿದ ಸಿಡಿತವೇ? ಆಗಿದ್ದರೆ ಅದು ಅವಳೇ ಹುಡುಕಿದ ಮೊದಲ ಸಿಡಿತ.

ಆದರೆ ಖುಷಿಪಡಲು ಧೈರ್ಯ ಬೇಕಲ್ಲ! ಹೋದ ಸಲ ಹೀಗೇ ಕುಣಿದಾಡಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಕೊನೆಗೆ ನೋಡಿದರೆ ಯಾವುದೋ ಪುಂಡು ಕಣಗಳು ಉಪಕರಣಕ್ಕೆ ಬಡಿದದ್ದು, ಮಾನ ಹೋಗಿತ್ತು. ಈ ಸಲ ಅವಳ ಪಿಎಚ್‌ಡಿ ಗೈಡ್ ಪ್ರಮೀಳಾ ಮೇಡಂ ಕಟ್ಟುನಿಟ್ಟು. ಅದೇ ಗಳಿಗೆಯಲ್ಲಿ ಇನ್ನೊಂದು ಉಪಗ್ರಹಕ್ಕೂ ಕಂಡಿದ್ದರೆ ಸರಿ, ಇಲ್ಲದಿದ್ದರೆ ಮರೆತುಬಿಡು ಅಂದಿದ್ದರು. ಅವರ ಫೋನಿಗಾಗಿ ಬೆಳಗಿನಿಂದ ಕಾದು ಕಾದು ಅವಳಿಗೆ ತಿಂಡಿಯೂ ಸೇರಿರಲಿಲ್ಲ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಚಿಕ್ಕಬೋರಮ್ಮನಿಗೆ ಸುಮ್ಮನಿರಲಾದೀತೇ?

"ಏನ್ ಮಗ ಅದು, ಆಗ್ಲಿಂದ ಗೆರೆ ನೋಡ್ತಾ ಕುಂತಿದ್ದೀಯ?"

"ಎರಡು ಚುಕ್ಕಿ ಸತ್ತಿರೋ ಸುದ್ದಿ ಕಣಜ್ಜಿ. ಸತ್ತು ಕೋಟಿಗಟ್ಲೆ ವರ್ಸ ಆಯ್ತು, ಬೆಳಕು ಈಗ ಬಂದದೆ. ಇನ್ನೊಬ್ರೂ ನೋಡಿದ್ರೆ ದಿಟ, ಇಲ್ದಿದ್ರೆ ಸುಳ್ಳು."

"ಅದೇ ಸರಿ ಬುಡು. ಒಬ್ರ ಬಾಯ್ ಮಾತ್ ಕೇಳಿ ನಾನ್ ಕೆಟ್ಟಿದ್ದು ಸಾಕು."

ನೆಂಟರ ಸಾವಿನ ಸುದ್ದಿ ಎಷ್ಟು ತಡವಾಗಿ ಬರಲಿ, ಕೇಳಿದ ಕೂಡಲೇ ತಲೆಗೆ ನೀರು ಹುಯ್ದುಕೊಳ್ಳಬೇಕು. ಹಿಂದೊಮ್ಮೆ, ಬೆಳಗೊಳದಲ್ಲಿರುವ ತನ್ನ ತಮ್ಮ ಲಿಂಗಣ್ಣ ಹೋಗಿಬಿಟ್ಟ ಎಂದು ಯಾರೋ ಅಂದದ್ದಕ್ಕೆ ಅಜ್ಜಿ ಹಾಗೇ ಅಳುತ್ತಾ ಹುಯ್ದುಕೊಂಡಿದ್ದಳು. ಕೂದಲು ಆರುವ ಮೊದಲೇ ಲಿಂಗಣ್ಣ ಬಸ್ಸಿಳಿದು ಬಂದ.

"ಯಾಕ್ಲಾ ಬಂದೆ ಅಂದ್ಬುಟ್ಟೆ ಕಣ್ ಮಗ! ಮುದ್ದೆ ಇಕ್ಕೋವರ್ಗೂ ಮಾತಾಡ್ಲಿಲ್ಲ ಅವ್ನು."

ಸುನಿತಾ ಬಿದ್ದು ಬಿದ್ದು ನಕ್ಕಳು. ತನ್ನಂಥವಳು ಮನೆಯಲ್ಲೇ ಇನ್ನೊಬ್ಬಳಿದ್ದಾಳೆಂದು ಸಮಾಧಾನವೂ ಆಯಿತು.

"ಅದಿರ್ಲಿ, ಆ ಚುಕ್ಕಿಗಳು ನಮ್ಗೇನಾಗ್ಬೇಕು?" ಅಂದಳು ಅಜ್ಜಿ.

ಇಂಥ ಪ್ರಶ್ನೆ ಸುನಿತಾಳನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ತುಸು ಯೋಚಿಸಿ ಹೇಳಿದಳು. "ನಿನ್ ಓಲೇಲಿ ಚಿನ್ನ ಅದೆಯಲ್ಲ, ಭೂಮಿ ಹುಟ್ಟೋಕ್ ಮುಂಚೆ ಇಂಥ ಚುಕ್ಕಿಗಳು ಸತ್ತಾಗ ಹುಟ್ಟಿದ್ದಂತೆ."

ಅಜ್ಜಿ ಕಿವಿಯೋಲೆ ಮುಟ್ಟಿ ನೋಡಿಕೊಂಡಳು.

ಅಷ್ಟರಲ್ಲಿ ಫೋನ್ ಬಂತು. "ಸುನಿತಾ, ಇನ್ನೊಂದು ಉಪಗ್ರಹಕ್ಕೂ ಕಂಡಿದೆ, ಅದೇ ಗಳಿಗೆ. ವರದಿ ಬರಿ, ನಿನ್ನ ಹೆಸರಲ್ಲೇ ಪ್ರಕಟಿಸೋಣ" ಅಂದರು ಪ್ರಮೀಳಾ ಮೇಡಂ.

"ದಿಟವಂತೆ ಅಜ್ಜಿ! ಇನ್ನೊಂದಕ್ಕೂ ಕಂಡದಂತೆ!" ಎಂದು ಕಿರುಚಿ ಸುನಿತಾ ಅಜ್ಜಿಯನ್ನು ತಬ್ಬಿಕೊಂಡಳು.

ಅಜ್ಜಿ ಮೊರ ಪಕ್ಕಕ್ಕಿಟ್ಟು, ಸೊಂಟ ಹಿಡಿದು ಎದ್ದು ಬಚ್ಚಲ ಕಡೆ ಹೊರಟಳು.

"ಎಲ್ಗಜ್ಜಿ?"

"ಇಬ್ರೂ ಹೇಳಿದ್ ಮೇಲೆ ಇನ್ನೇನು? ಅವ್ರ ಕಡೆ ಚಿನ್ನ ಕಿವೀಲಿ ಇಕ್ಕೊಂಡು ಸುಮ್ಕಿರಕ್ಕಾದದಾ? ಅಷ್ಟು ವರ್ಸದಿಂದ ಒಬ್ರೂ ನೀರ್ ಹುಯ್ಕಂಡಿಲ್ಲ, ಪಾಪ. ನೀನೂ ಬಾ, ಸುದ್ದಿ ಮೊದ್ಲು ಮುಟ್ಟಿದ್ದು ನಿಂಗೆ."

ಸುನಿತಾಳ ಕುಣಿತ ಅಲ್ಲೇ ನಿಂತಿತು. ಬೆಳಗಿನಿಂದ ಅದನ್ನವಳು ತನ್ನ ಗೆಲುವೆಂದೇ ನೋಡಿದ್ದಳು, ಸಾವೆಂದು ಒಂದು ಗಳಿಗೆಯೂ ಅನ್ನಿಸಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು ಹೋಗಿ ಬಚ್ಚಲಲ್ಲಿ ತಲೆ ಬಗ್ಗಿಸಿ ಕೂತಳು. ಅಜ್ಜಿ ಹುಯ್ದ ಮೊದಲ ಚೊಂಬಿನ ನೀರು ತಣ್ಣಗೆ ಕೊರೆಯುತ್ತಿತ್ತು.