ತುಟಿ ನೋಡುವ ಚನ್ನಕ್ಕ

ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ಕಡೆಗೆ ಹೊರಟರೆ, ಗಾಜಿನ ಕಟ್ಟಡಗಳು ಮುಗಿದು ತಗಡಿನ ಶೆಡ್ಡುಗಳು ಮೊದಲಾಗುವ ಒಂದು ತಿರುವಿದೆ. ಅಲ್ಲಿನ ಚಹಾದಂಗಡಿಗಳಲ್ಲಿ ಪಾಳಿ ಬಿಟ್ಟ ಕೆಲಸಗಾರರು ಚನ್ನಕ್ಕನ ಕತೆ ಹೇಳುತ್ತಾರೆ. ಹೇಳುವ ಮೊದಲು ಬಾಯಲ್ಲಿರುವ ಎಲೆಅಡಿಕೆಯನ್ನು ಉಗುಳಿ ಬರುತ್ತಾರೆ. ಈ ಕತೆಗೆ ಸಲ್ಲುವ ಮರ್ಯಾದೆ ಅದು.

ಚನ್ನಕ್ಕ ಬಾಗಲಕೋಟೆ ಸೀಮೆಯವಳು. ಆಕೆ, ಗಂಡ ಯಮನಪ್ಪ, ತಮ್ಮ ಸಿದ್ರಾಮ, ಮೂವರೂ ಒಂದೇ ಕೆಮಿಕಲ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಹೊಸೂರು ರಸ್ತೆಗೆ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ ಅದು. ನೈಟ್ರೊಬೆಂಜೀನ್ ಎಂಬ ಎಣ್ಣೆಯಂಥ ದ್ರವವನ್ನು ಸತುವಿನ ಪುಡಿ, ನವಸಾಗರಗಳ ಜೊತೆ ನೀರಿನಲ್ಲಿ ಕಲಕಿ ಫಿನೈಲ್ ಹೈಡ್ರಾಕ್ಸಿಲಮೀನ್ ತೆಗೆಯುವುದು ಅಲ್ಲಿನ ಕೆಲಸ. ಅಮೋನಿಯಾದ ಮೈಗೆ ಒಂದು ಕಡೆ ಆಕ್ಸಿಜನ್ನಿನ ಬಾಲ ಕಟ್ಟಿ, ಇನ್ನೊಂದು ಕಡೆ ಬೆಂಜೀನಿನ ಬಳೆ ತೊಡಿಸಿದಂಥ ವಸ್ತು. ಹದ ಮೀರಿದರೆ ಬಾಲ ಕಳಚಿಕೊಂಡು ಅನಿಲೀನ್ ಆಗಿ ಕೆಡುತ್ತದೆ. ಹದದಲ್ಲಿ ಸೋಸಿ ತಣಿಸಿದರೆ ತೆಳು ಹಳದಿಯ ಸೂಜಿಗಳಾಗಿ ಹರಳುಗಟ್ಟುತ್ತದೆ. ಇಟ್ಟಷ್ಟೂ ಹಾಳಾಗುವ ಸರಕಾದ್ದರಿಂದ ಒದ್ದೆಯಲ್ಲೇ ಪಕ್ಕದ ಶೆಡ್ಡಿಗೆ ಹೊತ್ತು, ಆಲ್ಡಿಹೈಡ್ ಎಂಬ ಇನ್ನೊಂದು ರಾಸಾಯನಿಕದೊಡನೆ ಕೂಡಿಸಿ, ನೈಟ್ರೋನ್ ಎಂಬ ಕಚ್ಚಾವಸ್ತು ಮಾಡಿ ಹೊರದೇಶದ ಔಷಧ ಕಂಪನಿಯೊಂದಕ್ಕೆ ಕಳಿಸುತ್ತಿದ್ದರು.

ಶೆಡ್ಡೆಲ್ಲ ಬಾದಾಮಿಯ ವಾಸನೆ. "ಊರ ಬಿಟ್ಟು ಬಂದ್ರೂ ಬಾದಾಮಿ ನಮ್ಮನ್ನ ಬಿಡಲಿಲ್ಲ ನೋಡ್ರಲೇ," ಎಂದು ಯಮನಪ್ಪ ನಗಿಸುತ್ತಿದ್ದ. ಆದರೆ ಆ ಹಳದಿ ಹರಳು ಹೊಕ್ಕ ಮೈ ನಗುವುದಿಲ್ಲ. ಅದು ಚರ್ಮದಿಂದಲೇ ನೆತ್ತರಿಗಿಳಿದು, ನೆತ್ತರು ಪ್ರಾಣವಾಯು ಹೊರುವ ಕೆಲಸವನ್ನೇ ಮರೆಯುವಂತೆ ಮಾಡುತ್ತದೆ. ಮೊದಲು ತುಟಿ ನೀಲಿಯಾಗುತ್ತದೆ, ಬಳಿಕ ಉಗುರು, ಆಮೇಲೆ ಮನುಷ್ಯ. ಅದಕ್ಕೆ ಮದ್ದೂ ನೀಲಿಯೇ. ಶೆಡ್ಡಿನ ಬೀರುವಿನಲ್ಲಿ ಇಟ್ಟಿರುತ್ತಿದ್ದ ಮೆಥಿಲೀನ್ ಬ್ಲೂ ಎಂಬ ಗಾಢ ನೀಲಿಯ ಔಷಧಿಯನ್ನು ಹೊತ್ತಿಗೆ ಸರಿಯಾಗಿ ನರಕ್ಕೆ ಚುಚ್ಚಿದರೆ ನೆತ್ತರು ತನ್ನ ಕಸುಬಿಗೆ ಮರಳುತ್ತದೆ.

ಹೊತ್ತು ತಿಳಿಯುವುದು ಹೇಗೆ? ಅದಕ್ಕೆಂದೇ ಆ ಶೆಡ್ಡಿನಲ್ಲಿ ಒಂದು ರೂಢಿ ಬೆಳೆದಿತ್ತು. ಊಟದ ಮುಂಚೆಯೂ ಪಾಳಿ ಬಿಡುವಾಗಲೂ ಎಲ್ಲರೂ ಚನ್ನಕ್ಕನ ಮುಂದೆ ನಿಲ್ಲಬೇಕು. ಆಕೆ ಕೆಳತುಟಿಯನ್ನು ಹೆಬ್ಬೆರಳಿನಿಂದ ಎಳೆದು ನೋಡುತ್ತಿದ್ದಳು.

"ಯಕ್ಕಾ, ತುಟಿ ನೋಡಾಕ ಬಂದೀಯೋ, ಹಲ್ಲು ನೋಡಿ ಎತ್ತು ಕೊಳ್ಳಾಕ ಬಂದೀಯೋ?" ಎಂದು ಸಾಲಿನಲ್ಲಿ ನಿಂತವನೊಬ್ಬ ಕೆಣಕುತ್ತಿದ್ದ.

"ಎತ್ತಾಗಿದ್ರ ನಿನ್ನ ಎಂದೋ ಮಾರಿ ಉಣ್ತಿದ್ನೆಪಾ. ಬಾಯಿ ಮುಚ್ಚಿ ತುಟಿ ತಗಿ."

ನೀಲಿಯ ಸುಳಿವು ಕಂಡರೆ ಕತ್ತು ಹಿಡಿದು ಹೊರಗೆ ದಬ್ಬುತ್ತಿದ್ದಳು. ಆಕೆಯ ಕಣ್ಣು ತಪ್ಪಿದ್ದೆಂದು ಯಾರೂ ಹೇಳುವುದಿಲ್ಲ.

ಔಷಧ ಕಂಪನಿಯವರು ಕಾರ್ಖಾನೆ ನೋಡಲು ಬರುವ ದಿನ ಸೂಪರ್‌ವೈಸರ್ ನರಸಿಂಹಯ್ಯ ಬೆಳಿಗ್ಗೆಯೇ ಒಂದು ಬುಟ್ಟಿ ವೀಳ್ಯದೆಲೆ ತಂದಿಳಿಸಿದ. ಆನೇಕಲ್ಲಿನವನು, ಮಾತು ಮೆತ್ತಗೆ, ಮನಸ್ಸು ಕಲ್ಲು.

"ಚನ್ನಕ್ಕ, ನಿನ್ ಎಲೆಅಡಿಕೆ ಚೀಲ ಬಿಚ್ಚಮ್ಮ. ಎಲ್ಲರ್ಗೂ ಒಂದೊಂದು ಮಡ್ಚಿ ಕೊಡು. ಸುಣ್ಣ ಸ್ವಲ್ಪ ಜಾಸ್ತೀನೇ ಹಚ್ಚು, ಬಾಯಿ ಕೆಂಪಗಾಗ್ಬೇಕು."

"ಒಳಗ ಎಲಿ ಹಾಕ್ಕೋಬ್ಯಾಡ್ರಿ ಅಂತ ನೀವ ಅಂದಿದ್ರಲ್ರೀ ಸರ್ರ?"

"ಇವತ್ತು ಹಾಕ್ಕೊಳ್ಳಿ ಅಂತಾನೂ ನಾನೇ ಅಂತಿದೀನಿ. ಹೋದ್ಸಲ ಬಂದಾಗ ಆ ಕಂಪ್ನಿ ವಯ್ಯ ಒಬ್ಬನ್ ನೀಲಿ ತುಟಿ ನೋಡಿ ಮುಖ ಸಿಂಡರಿಸ್ಬಿಟ್ಟ. ಆರ್ಡರ್ ಹೋದ್ರೆ ನಿಮ್ಮನ್ನೆಲ್ಲ ಊರಿನ ಬಸ್ ಹತ್ತಿಸ್ತೀನಿ, ಅಷ್ಟೆ."

"ತುಟಿ ಕೆಂಪಾದ್ರ ನಾ ಏನ್ ನೋಡ್ಲಿ?"

"ನೋಡ್ಬೇಡ. ಒಂದಿನ ನಿನ್ ಕಣ್ಣಿಗೂ ರಜಾ."

ಚನ್ನಕ್ಕ ಮಡಿಚಿ ಕೊಟ್ಟಳು. ಸಾಲಾಗಿ ನಿಂತವರು ಮದುವೆಗೆ ಹೊರಟವರಂತೆ ಕಿಸಿಯುತ್ತ ಇಸಿದುಕೊಂಡರು. "ನಮ್ಮ ಮದುವ್ಯಾಗೂ ಇಷ್ಟು ಪ್ರೀತಿಲೆ ಮಡಿಚಿ ಕೊಟ್ಟಿರಲಿಲ್ಲ ಇಕಿ," ಎಂದ ಯಮನಪ್ಪ. ಆಕೆ ಅವನಿಗೆ ಎರಡೆಲೆಯ ದೊಡ್ಡ ಮಡಿಕೆಯನ್ನೇ ಕೊಟ್ಟಳು. ಎಲ್ಲರೂ ಜಗಿದು, ಹೊರಗೆ ಉಗುಳಿ, ಕೆಂಬಾಯಿಯಲ್ಲಿ ಒಳಗೆ ಹೋದರು.

ಅತಿಥಿಗಳ ಕಾರು ಗೇಟಿಗೆ ಬರುವ ಹೊತ್ತಿಗೇ ಸೋಸುವ ಬಟ್ಟೆ ಹರಿದು, ಹಳದಿ ಹರಳು ತುಂಬಿದ ನೀರು ಯಮನಪ್ಪನ ಎದೆಯಿಂದ ತೊಡೆಯವರೆಗೆ ಸುರಿಯಿತು. ಜೊತೆಗಿದ್ದ ಸಿದ್ರಾಮ ನೀರಿನ ಪೈಪಿಗೆ ಓಡಿದ. ನರಸಿಂಹಯ್ಯ ಅಡ್ಡ ನಿಂತ.

"ನೆಲ ಈಗ್ತಾನೆ ಒರೆಸಿರೋದು ಕಣೋ. ಅವ್ರ ಮುಂದೆ ಒದ್ದೆ ಕೋಳಿ ಥರ ನಿಲ್ತಾನಾ ಇವ್ನು? ಮೇಲೆ ಇದನ್ನ ಹಾಕ್ಕೋ," ಎಂದು ಹೊಸ ಬಿಳಿ ಕೋಟು, ಹೊಸ ಕೈಗವಸು ಎಸೆದ. "ಅವ್ರು ಹೋದ್ಮೇಲೆ ತೊಳ್ಕೊಳ್ಳೋವಂತೆ. ಲೋ ಸಿದ್ರಾಮ, ನಿಮ್ಮಕ್ಕನ್ ಹತ್ರ ಬಾಯ್ಬಿಟ್ರೆ ನಾಳೆ ಇಬ್ರಿಗೂ ಗೇಟಿಲ್ಲ."

ಪ್ಯಾಕಿಂಗ್ ಮೇಜಿನ ಬಳಿಯಿದ್ದ ಚನ್ನಕ್ಕನಿಗೆ ಇದಾವುದೂ ತಿಳಿಯಲಿಲ್ಲ. ಅತಿಥಿಗಳು ಆಫೀಸಿನಲ್ಲಿ ಗಂಟೆ ಹೊತ್ತು ಕುಳಿತು ಏಳುವಷ್ಟರಲ್ಲಿ ಆಕೆಗೆ ಕಂಡದ್ದು ಇಷ್ಟೇ: ಬಿಳಿ ಕೋಟಿನ ಸಾಲಿನಲ್ಲಿ ತನ್ನ ಗಂಡ ನಿಂತಲ್ಲೇ ತೂಗುತ್ತಿದ್ದಾನೆ. ಮೇಜು ಬಿಟ್ಟು ಹತ್ತಿರ ಹೋದಳು.

"ಯಾಕ್ರೀ?"

"ತಲಿ ಸಿಡ್ಯಾಕತ್ತೈತಿ. ಅಷ್ಟ. ಬೆಳಿಗ್ಗಿ ಏನೂ ತಿಂದಿಲ್ಲಲ್ಲ."

ಹೆಬ್ಬೆರಳಿನಿಂದ ತುಟಿ ಎಳೆದಳು. ಕೆಂಪು. ಸೆರಗಿನಿಂದ ಒರೆಸಿದಳು. ಕೆಂಪೇ. ಉಗುರು ನೋಡೋಣವೆಂದು ಅವನ ಕೈಗವಸಿಗೆ ಕೈ ಹಾಕಿದಳು.

"ಏನಮ್ಮ, ಇದೇನ್ ಬೀಗರೂಟ ಅನ್ಕೊಂಡ್ಯಾ?" ನರಸಿಂಹಯ್ಯ ಹಲ್ಲು ಕಚ್ಚಿ ಪಿಸುಗುಟ್ಟಿದ. "ಬಂದ್ಬಿಟ್ರು. ಹೋಗು ನಿನ್ ಜಾಗಕ್ಕೆ."

ಚನ್ನಕ್ಕ ತಮ್ಮನ ಮುಖ ನೋಡಿದಳು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಸಿದ್ರಾಮ ನೆಲ ನೋಡುತ್ತ ಹೇಳಿದ: "ಮಾಮಾ ಚೊಲೋ ಅದಾನಕ್ಕಾ. ನೀ ಹೋಗು."

ತಮ್ಮನ ಮಾತು ನಂಬಿ ಆಕೆ ಮೇಜಿಗೆ ಮರಳಿದಳು.

ಬಂದವರಲ್ಲಿ ಹಿರಿಯನೊಬ್ಬ ಯಮನಪ್ಪನ ಮುಂದೆ ನಿಂತು ಏನೋ ಕೇಳಿದ. ನರಸಿಂಹಯ್ಯ ಕನ್ನಡ ಮಾಡಿ ಹೇಳಿದ. ಯಮನಪ್ಪ ಕೆಂಬಾಯಿ ತೆರೆದು ನಕ್ಕ. ಅದರದೊಂದು ಫೋಟೋ ತೆಗೆದುಕೊಂಡು ಅವರು ಪಕ್ಕದ ಶೆಡ್ಡಿಗೆ ನಡೆದರು. ಅವರ ಬೆನ್ನ ಹಿಂದೆ ಬಾಗಿಲು ಮುಚ್ಚಿದ್ದೇ ತಡ, ಯಮನಪ್ಪ ಗೋಡೆಗೆ ಒರಗಿ ಹಾಗೆಯೇ ಜಾರಿ ಕುಸಿದ.

"ನೀಲಿ ಸೂಜಿ ತರ್ರೀ! ಬೀರೂದಾಗ ಐತಿ, ತರ್ರೀ!" ಚನ್ನಕ್ಕ ಕಿರುಚಿದಳು.

ನರಸಿಂಹಯ್ಯ ಆಕೆಯ ಬಾಯಿಗೆ ಕೈ ಅಡ್ಡ ಹಿಡಿದ. "ಕೂಗ್ಬೇಡ, ಪಕ್ಕದಲ್ಲೇ ಇದಾರೆ. ಸೂಜಿ ಯಾರಿಗೆ ಚುಚ್ಚೋದು? ನೀಲಿಯಾದೋರಿಗೆ ತಾನೆ? ತುಟಿ ನೋಡೋಳು ನೀನೇ ಅಲ್ವಾ, ನೋಡಿ ಹೇಳು. ಯಾವ್ ಬಣ್ಣ?"

ಚನ್ನಕ್ಕ ಬಾಗಿ ನೋಡಿದಳು. ಉಗುರು ಕೈಗವಸಿನೊಳಗೇ ಉಳಿದಿತ್ತು, ಕೇಳಿದ್ದು ತುಟಿಯ ಬಣ್ಣ.

"ಕೆಂಪು."

"ಅಷ್ಟೇ ಮತ್ತೆ. ಹೊಟ್ಟೆ ಹಸಿವು, ಸುಧಾರಿಸ್ಕೋತಾನೆ ಬಿಡು."

ಕಾರ್ಖಾನೆಯ ಡಾಕ್ಟರು ಹಿಂಬಾಗಿಲಿನಿಂದ ಬರುವಷ್ಟರಲ್ಲಿ ಯಮನಪ್ಪನ ಉಸಿರು ನಿಂತಿತ್ತು. ಡಾಕ್ಟರು ಕೆಂಪು ತುಟಿ ನೋಡಿದರು, ನರಸಿಂಹಯ್ಯನ ಮುಖ ನೋಡಿದರು, ಎದೆಯ ಕಾಯಿಲೆ ಅಂದರು. ಹೆಣವನ್ನು ಉಗ್ರಾಣಕ್ಕೆ ಸಾಗಿಸಿ, ಕೋಟನ್ನೂ ಹಳದಿ ಅಂಗಿಯನ್ನೂ ಬಿಚ್ಚಿ, ಎರಡನ್ನೂ ಬಾಯ್ಲರಿನ ಬೆಂಕಿಗೆ ಹಾಕಿದರು. ಅಂಗಿಯನ್ನು ಹೊತ್ತೊಯ್ದವನು ಸಿದ್ರಾಮ. ಬೆಂಕಿಗೆ ಹಾಕಿ ಬಂದ ಮೇಲೆ ಅಕ್ಕನ ಕಾಲ ಬಳಿ ಕುಳಿತು ನಡೆದದ್ದನ್ನೆಲ್ಲ ಹೇಳಿದ.

ಚನ್ನಕ್ಕ ಅಳಲಿಲ್ಲ. ಒಂದು ಚೊಂಬು ನೀರು ತಂದು ಸೆರಗಿನ ತುದಿ ಅದ್ದಿ ಗಂಡನ ತುಟಿ ತಿಕ್ಕತೊಡಗಿದಳು. ಸುಣ್ಣ ಬಿದ್ದ ಬಣ್ಣ ಬೇಗ ಬಿಡಲಿಲ್ಲ. ಹಟ ಹಿಡಿದು ತಿಕ್ಕಿದಳು. ಕೊನೆಗೆ ಕೆಂಪಿನ ಅಡಿಯಿಂದ ನೇರಳೆಹಣ್ಣಿನಂಥ ನೀಲಿ ಮೇಲೆ ಬಂತು.

"ಸಾಹೇಬ್ರ, ನೋಡ್ರಿ! ಈಗ ನೋಡ್ರಿ!"

ಡಾಕ್ಟರು ಬಾಗಿಲಲ್ಲೇ ನಿಂತು ನೋಡಿದರು. "ಸತ್ಮೇಲೆ ಎಲ್ಲರ್ ತುಟೀನೂ ನೀಲಿನೇ ಕಣಮ್ಮ," ಎಂದರು. ಒಂದು ಹನಿ ನೆತ್ತರು ತೆಗೆದಿದ್ದರೆ ಅದು ಬೆಲ್ಲದ ಪಾಕದಂತೆ ಕಂದಾಗಿರುವುದು ಯಾರಿಗಾದರೂ ಕಾಣುತ್ತಿತ್ತು. ಅವರ ಚೀಲ ತೆರೆಯಲಿಲ್ಲ.

ಊರಿಗೆ ಹೆಣ ಒಯ್ಯುವ ಗಾಡಿ ಹಿಂಬಾಗಿಲಿಗೆ ಬಂದಾಗ ನರಸಿಂಹಯ್ಯನೂ ಬಂದ. ದನಿ ಮೆತ್ತಗಿತ್ತು.

"ಹೋಗಿ ಕಾರ್ಯ ಮುಗಿಸ್ಕೊಂಡ್ ಬಾಮ್ಮ, ನಿನ್ ಕೆಲಸ ಎಲ್ಲೂ ಹೋಗಲ್ಲ. ಸಿದ್ರಾಮ ಇಲ್ಲೇ ಇರ್ಲಿ. ಅವ್ರು ನಾಳೆನೂ ಬರ್ತಾರೆ. ಎಲೆ ಉಳಿದಿದ್ಯಾ?"

ಈ ಹಂತದಲ್ಲಿ ಹೇಳುವವರು ಎರಡಾಗುತ್ತಾರೆ. ಆಕೆ ಸುಣ್ಣದ ಡಬ್ಬಿಯನ್ನು ಅವನ ಕಣ್ಣಿಗೇ ಎರಚಿದಳೆಂದು ಕೆಲವರು ಹೇಳುತ್ತಾರೆ. ಕೇಳುವವರಿಗೆ ಅದೇ ಇಷ್ಟ. ಅಂದು ಉಗ್ರಾಣದ ಬಾಗಿಲಲ್ಲಿದ್ದವರ ಪಾಠ ಬೇರೆ. ಚನ್ನಕ್ಕ ಸೊಂಟದ ಚೀಲ ಬಿಚ್ಚಿದಳು. ಒಂದು ಎಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆಯಿಟ್ಟು, ನಿಧಾನವಾಗಿ ಮಡಿಚಿದಳು. ಅದನ್ನು ತಮ್ಮನ ಮುಂದೆ ಹಿಡಿದಳು.

"ತಗೋ. ನಾಳಿ ಮೊದಲು ನೀ ಹಾಕ್ಕೋ."

"ಯಕ್ಕಾ…"

"ಇನ್ನ ನಿನ್ನ ತುಟಿ ನಾ ನೋಡಂಗಿಲ್ಲ, ಸಿದ್ರಾಮ. ಯಾ ಬಣ್ಣಾರ ಆಗ್ಲಿ."

ನರಸಿಂಹಯ್ಯ ಪಕ್ಕದಲ್ಲೇ ನಿಂತಿದ್ದ. ಸಿದ್ರಾಮ ಅವನತ್ತ ಒಮ್ಮೆ ನೋಡಿ, ಕೈ ನೀಡಿ ಎಲೆ ಇಸಿದುಕೊಂಡ.