ಛತ್ರದಲ್ಲಿ ಬಿಟ್ಟುಬಂದವನು

ವಾಸುದೇವ ಉಡುಪರಿಗೆ ಕುಂದಾಪುರದಿಂದ ವಿಜಯವಾಡಕ್ಕೆ ವರ್ಗವಾದದ್ದು ತೊಂಬತ್ತೆರಡರಲ್ಲಿ, ಬ್ಯಾಂಕಿನ ಆಫೀಸರ್ ಪ್ರಮೋಷನ್ನಿನ ಜೊತೆಗೆ. ಮಗನ ಪಿಯುಸಿ, ಮಗಳ ಹೈಸ್ಕೂಲು ಎಂದು ಹೆಂಡತಿ ಜಲಜಾ ಊರಲ್ಲೇ ಉಳಿದರು. ಉಡುಪರು ಭವಾನಿಪುರಂನಲ್ಲಿ ಒಂದು ಮಹಡಿ ಕೋಣೆ ಹಿಡಿದರು. ಬೆಳಿಗ್ಗೆ ಮಾಡಿದ ಅನ್ನಕ್ಕೇ ಸಂಜೆ ಮಜ್ಜಿಗೆ. ತೆಲುಗು ಕೌಂಟರಿಗೆ ಬೇಕಾದಷ್ಟು ಬರುತ್ತಿತ್ತು. ಅದಕ್ಕಿಂತ ಹೆಚ್ಚು ಬೇಕಾಗುವಷ್ಟು ಹೊತ್ತು ಅವರು ಯಾರ ಜೊತೆಗೂ ನಿಲ್ಲುತ್ತಿರಲಿಲ್ಲ.

ಮರುವರ್ಷ ಶಾಖೆಗೆ ಕಂಪ್ಯೂಟರ್ ಬಂತು. ಹತ್ತು ದಿನದ ತರಬೇತಿಗೆ ಉಡುಪರನ್ನು ವಿಶಾಖಪಟ್ಟಣಕ್ಕೆ ಕಳಿಸಿದರು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರಿಗೆ ಕೀಬೋರ್ಡ್ ಮುಟ್ಟಲು ಹೆದರಿಕೆ. ಒಂದು ಗುಂಡಿ ತಪ್ಪಿ ಒತ್ತಿದರೆ ಎಲ್ಲವೂ ಅಳಿಸಿಹೋಗುತ್ತದೆ ಅನ್ನಿಸುತ್ತಿತ್ತು. ಮೂರನೇ ದಿನ, "ಇದು ನನ್ನಿಂದ ಆಗುವ ಕೆಲಸ ಅಲ್ಲ" ಎಂದು ತಮ್ಮಷ್ಟಕ್ಕೇ ಗೊಣಗಿಕೊಂಡರು.

"ಆಗುತ್ತೆ ರೀ," ಎಂದು ಬೆನ್ನ ಹಿಂದಿನಿಂದ ಕನ್ನಡದಲ್ಲೇ ಉತ್ತರ ಬಂತು.

ಹೇಳಿದವರು ಕಂಪ್ಯೂಟರ್ ಕಲಿಸುತ್ತಿದ್ದ ರಾಜ್ಯಲಕ್ಷ್ಮಿ. ಮೂವತ್ತೈದು ದಾಟಿದ್ದ ಹೆಂಗಸು. ತಾಯಿ ಬಳ್ಳಾರಿಯವರು, ತಂದೆ ವಿಶಾಖಪಟ್ಟಣದವರೇ. "ಎರಡು ವರ್ಷದ ಹಿಂದೆ ಅಮ್ಮ ಹೋದ್ರು. ಆಮೇಲೆ ಕನ್ನಡ ಮಾತಾಡಿದ್ದು ಇವತ್ತೇ," ಎಂದರು. "ತಪ್ಪಾದ್ರೆ ಹೇಳ್ರಿ, ಉಡುಪ ಗಾರು."

ಮರುದಿನ ಊಟದ ಬಿಡುವಿನಲ್ಲಿ ಅವರು ರಬ್ಬರ್ ಬ್ಯಾಂಡ್ ಸುತ್ತಿದ ಮೂರು ಫ್ಲಾಪಿಗಳನ್ನು ತಂದರು; ಒಂದೊಂದಕ್ಕೂ ಒಂದೊಂದು ಬಣ್ಣದ ಚೀಟಿ. ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವನ ಮಗ ಸಿಂಗಪುರದಿಂದ ತಂದುಕೊಟ್ಟವು.

"ಆಟವಾ?" ಉಡುಪರಿಗೆ ನಾಚಿಕೆಯಾಯಿತು.

"ಆಟಾನೇ. ಆದ್ರೆ ಗುಂಡು ಹಾರಿಸೋದಲ್ಲ. ನಾಲ್ಕು ಜನರನ್ನ ನೀವೇ ಮಾಡ್ಬೇಕು. ಒಬ್ಬ ಕತ್ತಿ ಹಿಡಿಯೋನು, ಒಬ್ಬ ಮಂತ್ರ ಹಾಕೋನು, ಹಂಗೆ. ಹೆಸರಿಟ್ಟು ಊರೂರು ಸುತ್ತಿಸಬೇಕು. ಸುತ್ತಿದಷ್ಟೂ ಗಟ್ಟಿ ಆಗ್ತಾರೆ. ನಿಮಗೆ ಕೀಬೋರ್ಡಿನ ಹೆದರಿಕೇನೂ ಹೋಗುತ್ತೆ."

"ಮೊದಲು ಯಾವುದು?"

"ಕೆಂಪು ಚೀಟಿದು ಎಲ್ಲರೂ ಹೊಗಳ್ತಾರೆ. ಅದನ್ನ ಮಾತ್ರ ಮೊದಲು ಹಾಕ್ಬೇಡ್ರಿ. ಅದರಲ್ಲಿ ಸತ್ತವರು ಸತ್ತಂಗೇ, ಡಿಸ್ಕಿಂದ ಅಳಿಸಿಬಿಡುತ್ತೆ. ಹೊಸಬರು ಎರಡೇ ದಿನಕ್ಕೆ ಬಿಟ್ಟುಬಿಡ್ತಾರೆ. ನೀಲಿದು ಚಲೋ ಐತೆ, ಓದೋದು ಬಹಳ. ನೀವು ಹಳದಿದು ಹಾಕ್ರಿ. ಸಣ್ಣ ಊರು, ಸಣ್ಣ ಕಾಡು, ತಪ್ಪಿದ್ರೆ ವಾಪಸ್ ಬರಬಹುದು. ನಕ್ಷೆ ಇರಲ್ಲ, ಗ್ರಾಫ್ ಕಾಗದದಲ್ಲಿ ನೀವೇ ಬರ್ಕೋಬೇಕು. ಮತ್ತೆ, ದಾರೀಲಿ ಸಿಕ್ಕ ಪ್ರತಿಯೊಬ್ಬರ ಹತ್ರಾನೂ ಮಾತಾಡ್ರಿ. ಮಾತಾಡ್ದೆ ಹೋದ್ರೆ ಮುಂದಿನ ಬಾಗಿಲು ತೆರೆಯಲ್ಲ."

ವಿಜಯವಾಡದ ಮ್ಯಾನೇಜರ್ ಸತ್ಯಮೂರ್ತಿ ಒಳ್ಳೆಯವರು. ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಟೈಪಿಂಗ್ ಅಭ್ಯಾಸ ಮಾಡಿಕೊಳ್ಳಿ ಎಂದು ಬೀಗದ ಕೈ ಕೊಟ್ಟರು. ಖಾಲಿ ಶಾಖೆಯಲ್ಲಿ ಉಡುಪರು ಹಳದಿ ಚೀಟಿಯ ಆಟ ಹಾಕಿದರು. ನಾಲ್ಕು ಹೆಸರು ಕೇಳಿತು. ಬೇರೆ ಹೆಸರು ತೋಚದೆ ಮನೆಯವರದೇ ಕೊಟ್ಟರು: ಕತ್ತಿ ಹಿಡಿದ ವಾಸು, ಬಿಲ್ಲಿನ ಜಲಜಾ, ಗುರಾಣಿಯ ಸುಧೀಂದ್ರ, ಮಂತ್ರದ ಮೈತ್ರಿ. ನಾಲ್ವರೂ ಸಾಲಾಗಿ ಒಂದು ಹಳ್ಳಿಯ ಬಾಗಿಲಲ್ಲಿ ನಿಂತರು. ಉಡುಪರು ಸುಮ್ಮನೆ ಎಷ್ಟೋ ಹೊತ್ತು ಅವರನ್ನು ನೋಡುತ್ತ ಕುಳಿತರು.

ಪ್ರತಿ ಭಾನುವಾರ ಎಸ್‌ಟಿಡಿ ಬೂತಿನಿಂದ ಎರಡು ಫೋನು. ಮೊದಲನೆಯದು ಊರಿಗೆ.

"ಇಲ್ಲಿ ಎಲ್ಲ ಸರಿ ಉಂಟು," ಎನ್ನುತ್ತಿದ್ದರು ಜಲಜಾ. "ಮಕ್ಕಳು ಟ್ಯೂಷನ್ನಿಗೆ ಹೋಗಿದ್ದಾರೆ. ನೀವು ಊಟ ಸರಿಯಾಗಿ ಮಾಡಿ. ಇಡ್ತೇನೆ ಹಾಗಾದ್ರೆ."

ಎರಡನೆಯದು ವಿಶಾಖಪಟ್ಟಣಕ್ಕೆ, ರಾಜ್ಯಲಕ್ಷ್ಮಿಗೆ. ಅದು ಅಷ್ಟು ಬೇಗ ಮುಗಿಯುತ್ತಿರಲಿಲ್ಲ. ಗುಹೆಯ ಮೂರನೇ ಅಂತಸ್ತಿನಲ್ಲಿ ದಾರಿ ತಪ್ಪಿದ್ದು, ಸೇತುವೆಯ ಮುದುಕ ಕೇಳಿದ ಒಗಟು, ಎಲ್ಲವನ್ನೂ ಉಡುಪರು ಗ್ರಾಫ್ ಹಾಳೆ ಹಿಡಿದು ವಿವರಿಸುತ್ತಿದ್ದರು. ರಾಜ್ಯಲಕ್ಷ್ಮಿ ಉತ್ತರ ಪೂರ್ತಿ ಹೇಳದೆ ಸುಳಿವಷ್ಟೇ ಕೊಡುತ್ತಿದ್ದರು. ನಡುವೆ, "ದೀಪ ಇಡೋಕೆ ಗೋಡೆ ಒಳಗೆ ಸಣ್ಣ ಜಾಗ ಇರುತ್ತಲ್ಲ, ಅದಕ್ಕೆ ಅಮ್ಮ ಏನೋ ಅಂತಿದ್ರು, ಏನದು?" ಎಂದು ಕೇಳುವರು. "ಗೂಡು," ಎಂದು ಉಡುಪರು ತಮಗೆ ತಿಳಿದದ್ದು ಹೇಳುವರು. "ಅದಲ್ಲ," ಎಂದು ಆಕೆ ಮತ್ತೆ ಆಟದ ಮಾತಿಗೆ ಬರುವರು.

ಒಂದು ಶನಿವಾರ ಆಟದಲ್ಲಿ ಒಬ್ಬ ವೈದ್ಯ ಸಿಕ್ಕಿ, ತಾನೂ ಬರುತ್ತೇನೆ ಎಂದ. ಗುಂಪಿನಲ್ಲಿ ನಾಲ್ವರಿಗಷ್ಟೇ ಜಾಗ; ಯಾರನ್ನಾದರೂ ಛತ್ರದಲ್ಲಿ ಬಿಡಬೇಕು. ಉಡುಪರು ವಾಸುವನ್ನು ಬಿಟ್ಟರು. ಆರು ವಾರ ಕಳೆಯಿತು. ಉಳಿದವರು ಗೆಲ್ಲುತ್ತಲೇ ಹೋದರು.

"ನನ್ನನ್ನೇ ಬಿಟ್ಟು ಬಂದೆ," ಎಂದು ಫೋನಿನಲ್ಲಿ ನಗುತ್ತ ಹೇಳಿದರು. "ಅವರಿಗೇನೂ ತೊಂದರೆ ಆಗಲಿಲ್ಲ."

ರಾಜ್ಯಲಕ್ಷ್ಮಿ ಹೇಳಿದರು: "ಹೋಗಿ ಕರ್ಕೊಂಡು ಬರ್ರಿ. ಹಿಂದೆ ಬಿದ್ದಿರ್ತಾನೆ, ನಿಜ. ಒಂದೇ ಸಲಕ್ಕೆ ಮುಂದೆ ನಿಲ್ಲಿಸಬೇಡ್ರಿ. ಸಣ್ಣ ಸಣ್ಣ ಕೆಲಸ ಕೊಟ್ಟು ನೋಡ್ರಿ."

ದಸರೆಯ ರಜೆಗೆ ಉಡುಪರು ಊರಿಗೆ ಹೋದರು. ಮನೆಯಲ್ಲಿ ಹೊಸ ನೀರಿನ ಪಂಪು ಕೂತಿತ್ತು, ಅವರಿಗೆ ತಿಳಿದಿರಲಿಲ್ಲ. ಮಗಳು ಸ್ಕೂಲಿನ ಕಾಗದಕ್ಕೆ ಸಹಿ ಹಾಕಿಸಲು ಅವರೆದುರೇ ಹಾದು ಅಮ್ಮನ ಹತ್ತಿರ ಹೋದಳು. ಏನು ಮಾಡಹೋದರೂ ಜಲಜಾ, "ಕೂತ್ಕೊಳ್ಳಿ, ದಣಿದು ಬಂದಿದ್ದೀರಿ" ಎನ್ನುವರು. ಮೂರು ದಿನ ಕೂತರು. ನಾಲ್ಕನೇ ದಿನ ಅಡುಗೆಮನೆಗೆ ಹೋಗಿ ತುರಿಮಣೆಯ ಮೇಲೆ ಕುಳಿತು ತೆಂಗಿನಕಾಯಿ ತೆಗೆದುಕೊಂಡರು.

"ನಿಮಗೆ ಬರ್ತದಾ?"

"ಕಲಿತೇನೆ. ನಾನಿರುವಷ್ಟು ದಿನ ಇದು ನನ್ನ ಕೆಲಸ."

ಜಲಜಾ ಇನ್ನೊಂದು ಹೋಳನ್ನು ಅವರತ್ತ ಸರಿಸಿದರು. "ಕಪ್ಪು ಬರುವವರೆಗೆ ತುರೀಬೇಡಿ," ಎಂದರು.

ತೊಂಬತ್ತೈದರಲ್ಲಿ ಕುಂದಾಪುರಕ್ಕೇ ಮತ್ತೆ ವರ್ಗವಾಯಿತು. ಆಕೆಯ ಫ್ಲಾಪಿಗಳನ್ನು ಅಂಚೆಯಲ್ಲಿ ಹಿಂದಿರುಗಿಸಲು ಮನಸ್ಸಾಗದೆ ಉಡುಪರು ವಿಶಾಖಪಟ್ಟಣಕ್ಕೆ ಹೋದರು. ರಾಜ್ಯಲಕ್ಷ್ಮಿ ಅವರನ್ನು ಬಸ್ಸಿನಲ್ಲಿ ಋಷಿಕೊಂಡದ ಕಡಲಿಗೆ ಕರೆದುಕೊಂಡು ಹೋದರು. ಮಧ್ಯಾಹ್ನ, ಜನ ಇರಲಿಲ್ಲ. ಮರಳಿನ ಮೇಲೆ ಕೂತು ಆಕೆ ತಂದ ಪುಳಿಯೋಗರೆ ತಿಂದರು.

"ಊರಿಂದಲೂ ಫೋನ್ ಮಾಡ್ತೇನೆ," ಎಂದರು ಉಡುಪರು.

"ಮಾಡಲ್ಲ, ಉಡುಪ ಗಾರು." ಅದರಲ್ಲಿ ದೂರು ಇರಲಿಲ್ಲ. "ಅಲ್ಲಿ ನಿಮಗೆ ಮಾತಾಡೋರು ಇರ್ತಾರೆ. ಇರ್ಲಿ ಬಿಡ್ರಿ. ಚಲೋದೇ ಅದು."

ಆಕೆಗೆ ಭಾನುವಾರಗಳು ಹೇಗಿದ್ದವೆಂದು ತಾವು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ ಎಂಬುದು ಉಡುಪರಿಗೆ ಆಗ ತಿಳಿಯಿತು.

ಆಕೆ ಹೇಳಿದ ಹಾಗೆಯೇ ಆಯಿತು. ಮಗನ ಕಾಲೇಜು, ಶಾಖೆಯ ಕೆಲಸ, ಮನೆಗೆ ಬಂದುಹೋಗುವವರು. ಎಂಟು ತಿಂಗಳು ಫೋನು ಮಾಡಲಿಲ್ಲ. ಮಳೆಗಾಲದ ಕೊನೆಗೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಬಿಡಿಸಿ ನೋಡಿದರೆ ಒಳಗೆಲ್ಲ ತೆಲುಗು ಅಕ್ಷರ. ಬೆರಳಿಟ್ಟು ಒಂದೊಂದೇ ಕೂಡಿಸಿ ಗಟ್ಟಿಯಾಗಿ ಓದಿದಾಗ ಕಿವಿಗೆ ಬಿದ್ದದ್ದು ಕನ್ನಡ. ರಾಜ್ಯಲಕ್ಷ್ಮಿಗೆ ಕನ್ನಡದ ಮಾತು ಬರುತ್ತಿತ್ತೇ ಹೊರತು ಲಿಪಿ ಬರುತ್ತಿರಲಿಲ್ಲ.

"ಹೊಸ ಆಟ ಒಂದು ಬಂದೈತೆ. ಶುರು ಮಾಡೋರಿಗೆ ಹಳದಿದಕ್ಕಿಂತ ಇದೇ ಚಲೋ. ಯಾರಿಗೆ ಹೇಳೋದು ಗೊತ್ತಾಗ್ಲಿಲ್ಲ. ನಿಮಗೆ ಬರೆದೆ."

"ಯಾರದ್ದು ಕಾಗದ?" ಎಂದು ಜಲಜಾ ಒಳಗಿನಿಂದ ಕೇಳಿದರು.

"ನನಗೆ ಕಲಿಸಿದವರದ್ದು," ಎಂದರು ಉಡುಪರು.

ಪೆನ್ನು ತೆಗೆದು ಉತ್ತರಕ್ಕೆ ಕುಳಿತರು. ಕನ್ನಡ ಲಿಪಿಯಲ್ಲಿ ಬರೆದರೆ ಆಕೆಗೆ ಓದಲಾಗದು. ತೆಲುಗು ಅಕ್ಷರಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತ, ತಪ್ಪಿದಲ್ಲಿ ಹೊಡೆದುಹಾಕುತ್ತ ಬರೆದರು: "ಭಾನುವಾರ ಹತ್ತು ಗಂಟೆಗೆ ಫೋನ್ ಮಾಡ್ತೇನೆ. ಆಟದ ಮಾತು ಆಮೇಲೆ. ಮೊದಲು ನೀವು ಹೇಗಿದ್ದೀರಿ ಹೇಳಿ."

ಅಷ್ಟು ಬರೆಯಲು ಅರ್ಧ ಗಂಟೆ ಹಿಡಿಯಿತು.