ಹುಳುವಿನ ಜ್ವರ, ವನಜಾಕ್ಷಿಯ ತಲೆನೋವು

"ಜ್ವರ ಎಷ್ಟು ಇತ್ರೀ?" ನೋಟ್‌ಬುಕ್ಕಿನಿಂದ ತಲೆಯೆತ್ತದೆ ಡಾಕ್ಟರ್ ಕೆಹಕಶಾನ್ ಕೇಳಿದರು.

"ಯಾರ್ಗೆ ಮೇಡಂ?" ಎಂದಳು ವನಜಾಕ್ಷಿ.

"ನಿಮಗೇ ರೀ. ಇಲ್ಲೇ ಬರ್ದೀರಿ ನೋಡ್ರಿ. ಹನ್ನೆರಡನೇ ತಾರೀಖಿಗೆ ಮೂರನೇ ಜ್ವರ, ಹದಿನೇಳಕ್ಕೆ ನಾಲ್ಕನೇ ಜ್ವರ. ಇಷ್ಟು ಜ್ವರ ಬಂದ್ರೂ ನನಗೆ ಬರೀ ತಲೆನೋವು ಅಂತ ಹೇಳೀರಲ್ಲ!"

ವನಜಾಕ್ಷಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅಯ್ಯೋ, ಅದು ನಂಗಲ್ಲ ಮೇಡಂ, ರೇಷ್ಮೆ ಹುಳಕ್ಕೆ!"

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು ಒಂದು ದಿನ ಅಲುಗಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುವುದು ಈ ಸೀಮೆಯ ರೂಢಿ. ಎರಡು ಜ್ವರ ಮುಗಿದ ಮರಿಹುಳುಗಳನ್ನೇ ವನಜಾಕ್ಷಿ ಕೊಂಡು ತರುತ್ತಿದ್ದಳು, ಹಾಗಾಗಿ ಒಂದೊಂದು ಬೆಳೆಗೆ ಅವಳ ಮನೆಯಲ್ಲಿ ಮೂರನೇದು, ನಾಲ್ಕನೇದು ಎರಡೇ ಜ್ವರ. ಡಾಕ್ಟರಮ್ಮ ಕಲಬುರಗಿ ಕಡೆಯವರು, ಚನ್ನಪಟ್ಟಣದ ಕ್ಲಿನಿಕ್ಕಿಗೆ ಬಂದು ಮೂರು ತಿಂಗಳು. ಪಾಪ, ಅವರಿಗೆ ಹೇಗೆ ಗೊತ್ತಿರಬೇಕು!

ಬರೆಯಲು ಹೇಳಿದ್ದೂ ಅವರೇ. ಕಣ್ಣಿನ ಪರೀಕ್ಷೆ ಆಯಿತು, ಸ್ಕ್ಯಾನಿಂಗ್ ಆಯಿತು, ಎಲ್ಲೂ ಏನೂ ಸಿಗಲಿಲ್ಲ. "ದಿನಾ ಏನು ಮಾಡಿದ್ರಿ, ಏನು ಅನಿಸ್ತು, ಒಂದು ಪುಸ್ತಕದಾಗ ಬರೀರಿ" ಎಂದಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ವನಜಾಕ್ಷಿ ಪೆನ್ನು ಹಿಡಿದದ್ದು ಸಹಿ ಹಾಕುವುದಕ್ಕೆ ಮಾತ್ರ. ಮೊದಲ ದಿನ ಗೋಡೆಗೊರಗಿ ಕುಳಿತು, ತನಗೆ ಬರುತ್ತಿದ್ದ ಒಂದೇ ಬಗೆಯ ಬರವಣಿಗೆ ಬರೆದಳು: 'ಮಾನ್ಯರೇ, ವಿಷಯ: ತಲೆನೋವಿನ ಬಗ್ಗೆ. ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...' ಕೊನೆಗೆ 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ' ಎಂದೂ ಸೇರಿಸಿ, ಓದಿ ನೋಡಿ, ಹಾಳೆ ಹರಿದು ಒಲೆಗೆ ಹಾಕಿದಳು. ಮಾರನೆಯ ದಿನ 'ಇಂದು ನನ್ನ ಮನಸ್ಸು' ಎಂದು ಶುರು ಮಾಡಿದಳು. ಮನಸ್ಸು ಏನಾಗಿತ್ತೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅಷ್ಟರಲ್ಲಿ ಹುಳುವಿಗೆ ಸೊಪ್ಪು ಕೊಡುವ ಹೊತ್ತಾಯಿತು.

ಹುಳದ ಮನೆಯ ಬಾಗಿಲಿನ ಮೇಲೆ ಅವಳು ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ ಲೆಕ್ಕ ಕಣ್ಣಿಗೆ ಬಿದ್ದದ್ದು ಆಗಲೇ. ತಾರೀಖು, ಎಷ್ಟನೇ ಜ್ವರ, ಸೊಪ್ಪು ಎಷ್ಟು ಸಲ. ಒಂದೊಂದು ದಿನಕ್ಕೆ ನಾಲ್ಕೈದು ಮಾತು, ಅಷ್ಟೆ. ಅದೇ ಧಾಟಿಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದು ನೋಡಿದಳು. ಹುಳುವಿನ ಸುದ್ದಿಯ ಬಾಲ ಹಿಡಿದುಕೊಂಡು ಅವಳ ಸುದ್ದಿಯೂ ಬಂತು. 'ಸೊಪ್ಪು ಮೂರು ಸಲ. ಅವ್ವನ ನೆನಪಾಯ್ತು. ಚೆನ್ನಾಗಿ ಮೇಯ್ತಾ ಇವೆ.' ಬರೆದವಳಿಗೇ ಸೋಜಿಗ.

ಈಗ ಡಾಕ್ಟರರ ಬೆರಳು ಸಾಲುಗಳ ಮೇಲೆ ಓಡಿ ಒಂದು ಕಡೆ ನಿಂತಿತು. "ಇಲ್ಲಿ ನೋಡ್ರಿ. ಹುಳಕ್ಕೆ ಜ್ವರ ಇದ್ದ ದಿನಾನೇ ನಿಮಗ ತಲೆನೋವು. ಎರಡು ಬೆಳೆ, ನಾಲ್ಕು ಜ್ವರ, ನಾಲ್ಕೂ ಸಲ! ಅವತ್ತು ಏನು ಮಾಡ್ತೀರಿ?"

"ಸೊಪ್ಪು ಕೊಡಂಗಿಲ್ಲ. ಸುಣ್ಣದ ಪುಡಿ ಉದುರುಸ್ತೀನಿ, ಅಷ್ಟೇಯ."

"ಅದೇ ಇರಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ರಿ. ಬರೆಯೋದು ಮಾತ್ರ ಬಿಡಬ್ಯಾಡ್ರಿ."

ತನ್ನೂರು ಬೈರಾಪಟ್ಟಣದ ಬಸ್ಸಿನಲ್ಲಿ ವನಜಾಕ್ಷಿ ಹಗುರವಾಗಿ ಕುಳಿತಿದ್ದಳು. ಈ ತಲೆನೋವು ಹೋಗದಿದ್ದರೆ ಹುಳು ಸಾಕುವುದನ್ನು ನಿಲ್ಲಿಸಿ, ಹುಳದ ಮನೆಯೊಳಗೆ ಕುರಿ ಕೂಡುವುದೆಂದು ಗಂಡ ನಟರಾಜು ಹಟ ಹಿಡಿದಿದ್ದ. ಕುರಿ ಅವರ ವಂಶದ್ದು. ಹುಳು ಅವಳು ತಿಪ್ಪಸಂದ್ರದ ತವರಿನಿಂದ ಕಲಿತು ತಂದದ್ದು. ಅಷ್ಟು ದೊಡ್ಡ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ.

ಮುಂದಿನ ಬೆಳೆಗೆ ಮೂರನೇ ಜ್ವರದ ದಿನ ಮೂಗಿಗೆ ಎರಡು ಸುತ್ತು ಟವೆಲ್ಲು ಬಿಗಿದು ಸುಣ್ಣ ಉದುರಿಸಿದಳು. ಮಧ್ಯಾಹ್ನದ ಹೊತ್ತಿಗೆ ಹಣೆಯ ಎಡಗಡೆ ಮಾಮೂಲಿನಂತೆ ಸಿಡಿಯತೊಡಗಿತು.

ಅಳು ಬಂತು. ಆದರೆ ಅಳುವುದಕ್ಕಿಂತ ಮೊದಲು, ಹಾಗಾದರೆ ಮತ್ತೇನಿದ್ದೀತು ಎಂಬ ಕುತೂಹಲ ಮುಂದೆ ನುಗ್ಗಿತು. ಹುಳುವಿನ ತಟ್ಟೆಗಳ ನಡುವೆಯೇ ಕುಳಿತು ನೋಟ್‌ಬುಕ್ಕನ್ನು ಮೊದಲಿನಿಂದ ಓದಿದಳು. ಡಾಕ್ಟರಮ್ಮ ಹುಳುವಿನ ಸಾಲು ಮಾತ್ರ ನೋಡಿ ಬಿಟ್ಟಿದ್ದರು. ಅದರ ಪಕ್ಕದ ಸಾಲನ್ನು ಅವಳೂ ಈವರೆಗೆ ಲಕ್ಷ್ಯವಿಟ್ಟು ನೋಡಿರಲಿಲ್ಲ. 'ಸೊಪ್ಪಿಲ್ಲ. ಇವರು ಮನೇಲೇ. ಇದೇ ಕೊನೆ ಬೆಳೆ ಅಂದ್ರು. ತಲೆನೋವು.' ಪುಟ ತಿರುಗಿಸಿದಳು. 'ಇವರು ಮನೇಲೇ. ಕೊನೆ ಬೆಳೆ ಅಂದ್ರು.' ಇನ್ನೊಂದು ಪುಟ, ಇನ್ನೊಂದು ಜ್ವರ, ಮತ್ತೆ ಅದೇ.

ಹೌದಲ್ಲ! ಸೊಪ್ಪು ಕೊಯ್ಯುವವನು ನಟರಾಜು. ಕುರಿ ಹೊಡೆದುಕೊಂಡು ಹೋಗುವುದು ಮಾವ ಪುಟ್ಟಲಿಂಗಯ್ಯ. ಹುಳು ಜ್ವರಕ್ಕೆ ಕೂತ ದಿನ ನಟರಾಜುವಿಗೆ ಕೆಲಸವಿಲ್ಲ, ಜಗುಲಿಯ ಮೇಲೆ ಕೂತು ಆ ಮಾತು ತೆಗೆಯುತ್ತಾನೆ. ಇವತ್ತು ಬೆಳಗ್ಗೆಯೂ ತೆಗೆದಿದ್ದ.

ನೋಟ್‌ಬುಕ್ಕನ್ನು ಹಾಗೇ ತಂದು ಅವನ ಮುಂದೆ ಹಿಡಿದಳು. "ಒಸಿ ಓದಿ ಇದ."

ಅವನು ತುಟಿ ಅಲ್ಲಾಡಿಸುತ್ತ ಓದಿದ. ನಾಲ್ಕೂ ಕಡೆ ಅವಳು ಬೆರಳಿಟ್ಟು ತೋರಿಸಿದಳು. ನಟರಾಜುವಿನ ಮುಖ ಕೆಂಪಾಯಿತು.

"ಅಂದ್ರೆ ನಿನ್ ತಲೆನೋವು ನಾನು ಅನ್ನು!"

"ನಾನಂದಿಲ್ಲ. ಬುಕ್ಕಲ್ಲಿ ಹಂಗೈತೆ."

"ಲೇ, ನಿನ್ ತಲೆನೋವು ನೋಡಕ್ಕಾಗ್ದೆ ತಾನೆ ನಾನು ಕೊನೆ ಬೆಳೆ ಅಂದಿದ್ದು?"

"ನೀವು ಕೊನೆ ಬೆಳೆ ಅಂದೇಟ್ಗೆ ಎದೆ ಧಸಕ್ ಅಂತೈತೆ. ಆಮ್ಯಾಕೆ ತಲೆ ಸಿಡಿಯಕ್ಕೆ ಹತ್ತುತೈತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಈ ಮಾತು ಬಾಯಿಗೆ ಬಂದಿರಲಿಲ್ಲ. ನಟರಾಜು ನೋಟ್‌ಬುಕ್ಕನ್ನು ಅವಳ ಕೈಗೆ ಕೊಡದೆ ಕಿಟಕಿಯ ಮೇಲಿಟ್ಟು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ನಡೆದುಬಿಟ್ಟ. ಸಿಟ್ಟೋ ನಾಚಿಕೆಯೋ ಅವಳಿಗೆ ತಿಳಿಯಲಿಲ್ಲ. ಐದು ದಿನ ಸೊಪ್ಪು ತಂದು ಹಾಕಿದ, ಉಂಡ, ಎದ್ದು ಹೊಲಕ್ಕೆ ಹೋದ. ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತೇನೋ ಎಂದು ಅವಳಿಗೆ ಭಯವಾಯಿತು.

ಆರನೆಯ ದಿನ ಹುಳು ನಾಲ್ಕನೇ ಜ್ವರಕ್ಕೆ ಕೂತವು. ನಟರಾಜು ಜಗುಲಿಯಲ್ಲಿ ಕೂತ. ಎರಡು ಸಲ ಬಾಯಿ ತೆರೆದ. ಒಂದು ಸಲ ನೀರು ಕೇಳಿದ, ಇನ್ನೊಂದು ಸಲ ಆಕಳಿಸಿದ. ಕೊನೆಗೆ ಎದ್ದು ಹುಳದ ಮನೆಯೊಳಗೆ ಹೋಗಿ, ಅವಳ ಕೈಯಿಂದ ಸುಣ್ಣದ ಜರಡಿ ಕಿತ್ತುಕೊಂಡು ತಾನೇ ಉದುರಿಸಲು ನಿಂತ.

ಹೊತ್ತು ಇಳಿಯುವಾಗ ವನಜಾಕ್ಷಿ ಬರೆಯಲೆಂದು ಕಿಟಕಿಯ ಮೇಲಿನ ನೋಟ್‌ಬುಕ್ಕು ತೆಗೆದಳು. ಆ ದಿನದ ಸಾಲು ಆಗಲೇ ತುಂಬಿತ್ತು. ಅಕ್ಷರ ಅವಳದಲ್ಲ. ದಪ್ಪ ದಪ್ಪಗೆ, ಒತ್ತಿ ಬರೆದದ್ದು, ಅಲ್ಲಲ್ಲಿ ಸುಣ್ಣದ ಬೆರಳಚ್ಚು.

'ನಾಲ್ಕನೇ ಜ್ವರ. ಸೊಪ್ಪಿಲ್ಲ. ನಾನು ಮನೇಲೇ. ಏನೂ ಅನ್ನಲಿಲ್ಲ. ತಲೆನೋವು'

ಅಲ್ಲಿಗೆ ನಿಲ್ಲಿಸಿ, ಮುಂದೆ ಒಂದು ಮಾತು ಹಿಡಿಸುವಷ್ಟು ಜಾಗ ಬಿಟ್ಟಿದ್ದ. ವನಜಾಕ್ಷಿ ಹಣೆಯ ಎಡಗಡೆ ಬೆರಳೊತ್ತಿ ನೋಡಿಕೊಂಡಳು. ಮತ್ತೊಮ್ಮೆ ಒತ್ತಿ ನೋಡಿಕೊಂಡಳು. ಸಿಡಿತವಿರಲಿಲ್ಲ. ಜಗುಲಿಯಿಂದ ನಟರಾಜು ಕತ್ತು ಚಾಚಿ, ಅವಳು ಪೆನ್ನಿನ ಮುಚ್ಚಳ ತೆಗೆಯುವುದನ್ನೇ ನೋಡುತ್ತಿದ್ದ.